ಹಿಡಿತದ ಅಭ್ಯಾಸಕ್ಕೆ ರಜೆ ಎಷ್ಟು, ವಿರಾಮ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದಲ್ಲಿರುವ ನಮ್ಮ ಕನ್ನಡದವರು ಹಿಡಿತದ ಅಭ್ಯಾಸದ ಬಗ್ಗೆ, ಅಂದರೆ ಕೈಯ ಹಿಡಿತ ಗಟ್ಟಿ ಮಾಡುವ ವ್ಯಾಯಾಮದ ಬಗ್ಗೆ, ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ರಜೆಯದ್ದೇ. ಯಾವ ಗ್ರಿಪ್ಪರ್ (ಮುಷ್ಟಿಯಲ್ಲಿ ಹಿಡಿದು ಒತ್ತುವ, ಎರಡು ಹಿಡಿಯ ಸ್ಪ್ರಿಂಗು) ಕೊಳ್ಳಬೇಕು ಅಂತ ಅಂಗಡಿಯವನೂ ಹೇಳುತ್ತಾನೆ. ಅದನ್ನು ಯಾವತ್ತು ಕೆಳಗಿಡಬೇಕು ಅಂತ ಯಾರೂ ಹೇಳುವುದಿಲ್ಲ. ಜಿಮ್ಮಿನಲ್ಲಿ, ಲೋಕಲ್ ಟ್ರೇನಿನಲ್ಲಿ, ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕೂತಾಗ, ಮೆಸೇಜಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಹೊಸಬರದು ಮೊದಲು, ಹಳಬರದು ಕೊನೆಗೆ. ನಾನು ಡಾಕ್ಟರ್ ಅಲ್ಲ. ಡಾಕ್ಟರಿಗೆ ತೋರಿಸಿ ಅಂತ ಬರೆದ ಕಡೆ ದಯವಿಟ್ಟು ತೋರಿಸಿ.

## ಶುರು ಮಾಡುವವರಿಗೆ

ದಿನಾ ಗ್ರಿಪ್ಪರ್ ಒತ್ತಿದ್ರೆ ಬೇಗ ಕೈ ಗಟ್ಟಿ ಆಗಲ್ವಾ?

ಹಗುರ ಗ್ರಿಪ್ಪರ್ ದಿನಾ ಒತ್ತಿದರೆ ಕೆಡುವುದೇನೂ ಇಲ್ಲ, ಹೇಳಿಕೊಳ್ಳುವಂಥ ಲಾಭವೂ ಇಲ್ಲ. ನೂರು ಸಲ ಒತ್ತಲು ಬರುವ ಗ್ರಿಪ್ಪರ್ ಕೈಗೆ ದಮ್ಮು ಕೊಡುತ್ತದೆ, ಬಲ ಅಷ್ಟಾಗಿ ಕೊಡುವುದಿಲ್ಲ. ಬಲ ಬರಬೇಕಾದರೆ ಐದಾರು ಸಲಕ್ಕೇ ಕೈ ಸೋಲುವಂಥದ್ದು ಬೇಕು. ಅದನ್ನು ದಿನಾ ಮಾಡಿದರೆ ಮೂರನೇ ದಿನವೇ ಎರಡು ಸಲಕ್ಕೆ ಕೈ ಸೋಲುತ್ತದೆ. ಅಲ್ಲಿಗೆ ಅಭ್ಯಾಸ ಹಿಂದಕ್ಕೆ ಹೋಯಿತು ಅಂತಲೇ ಲೆಕ್ಕ.

ಭಾರದ ಕೆಲಸ ಆದ ಮೇಲೆ ಸ್ನಾಯು ತನ್ನನ್ನು ತಾನು ಕಟ್ಟಿಕೊಳ್ಳುವ ಕೆಲಸ ಒಂದೆರಡು ದಿನ ನಡೆಯುತ್ತದೆ. ಹೊಸಬರಿಗೆ ವಾರಕ್ಕೆ ಎರಡು ದಿನ ಸಾಕು. ಕೆಲವು ತಿಂಗಳು ಕಳೆದು ಕೈ ಪಳಗಿದ ಮೇಲೆ ಮೂರು ದಿನ. ಎರಡು ಅಭ್ಯಾಸದ ನಡುವೆ ಕನಿಷ್ಠ 48 ಗಂಟೆ ಬಿಡಿ.

ಬೆರಳು ಇಷ್ಟು ಸಣ್ಣದು, ಅದಕ್ಕೆ ಏನು ಅಷ್ಟೊಂದು ರೆಸ್ಟು?

ಬಲಗೈಯ ಮುಂಗೈ ಮೇಲೆ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ಎಡಗೈ ಇಟ್ಟುಕೊಳ್ಳಿ. ಈಗ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ. ಚರ್ಮದ ಕೆಳಗೆ ಏನೋ ಹರಿದಾಡುತ್ತದೆ ಅಲ್ವಾ? ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ. ಬೆರಳೊಳಗೆ ಇರುವುದು ಅವುಗಳ ಟೆಂಡನ್ ಮಾತ್ರ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಬಾವಿ ಹಗ್ಗ ರಾಟೆ ಮೇಲೆ ಓಡುವ ಹಾಗೆ ಈ ಹುರಿಗಳು ಬೆರಳಿನ ಉದ್ದಕ್ಕೂ ಸಣ್ಣ ಸಣ್ಣ ಪಟ್ಟಿಗಳ ಕೆಳಗೆ ಓಡುತ್ತವೆ. ಮಣಿಕಟ್ಟಿನಲ್ಲಂತೂ ಒಂದು ಇಕ್ಕಟ್ಟಾದ ಸಂದಿಯೊಳಗೆ 9 ಟೆಂಡನ್ ಮತ್ತು ಒಂದು ನರ ಒಟ್ಟಿಗೆ ಹಾದು ಹೋಗುತ್ತವೆ.

ರೆಸ್ಟ್ ಮುಖ್ಯವಾಗಿ ಬೇಕಾಗಿರುವುದು ಈ ಹುರಿಗಳಿಗೆ. ಟೆಂಡನ್‌ಗೆ ರಕ್ತ ಹರಿಯುವುದು ಸ್ನಾಯುವಿಗಿಂತ ತುಂಬಾ ಕಡಿಮೆ. ಅದು ಗಟ್ಟಿಯಾಗುವುದೂ ನಿಧಾನ. ಭಾರ ಬಿದ್ದ ಮೇಲೆ ಮೊದಲ ಒಂದು, ಒಂದೂವರೆ ದಿನ ಅದರಲ್ಲಿ ಹಳೇ ನಾರು ಒಡೆಯುವುದೇ ಜಾಸ್ತಿ. ಹೊಸದು ಕಟ್ಟುವ ಕೆಲಸ ಮುಂದಾಗುವುದು ಅದಾದ ಮೇಲೆ. ಶುರು ಮಾಡಿದ ಎರಡು ಮೂರು ತಿಂಗಳಲ್ಲಿ ಮುಂಗೈ ದಪ್ಪ ಆಗಿರುತ್ತದೆ, ಬಲ ಬಂದಿರುತ್ತದೆ, ಟೆಂಡನ್ ಇನ್ನೂ ಹಿಂದೆ ಇರುತ್ತದೆ. ಹುರುಪಿನ ಹುಡುಗರ ಕೈ ನೋಯಲು ಶುರುವಾಗುವುದು ಸರಿಯಾಗಿ ಅದೇ ಹೊತ್ತಿಗೆ.

ಆಫ್ ಡೇ ಅಂದ್ರೆ ಏನೂ ಮಾಡಬಾರ್ದಾ?

ಕೈ ಬಿಗಿ ಹಿಡಿಯುವ ಕೆಲಸ ಮಾಡಬಾರದು, ಅಷ್ಟೇ. ನಡೆಯಿರಿ, ಓಡಿ, ಕಾಲಿನ ವ್ಯಾಯಾಮ ಮಾಡಿ. ಐದು ಬೆರಳಿಗೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಂಡು ಕೈ ಅಗಲಿಸುವುದನ್ನು ಇಪ್ಪತ್ತು ಸಲ, ಎರಡು ಸುತ್ತು ಮಾಡಿ. ಮಡಚಿ ಮಡಚಿ ಸೋತ ಕೈಗೆ ಅದು ಹಿತವಾಗಿರುತ್ತದೆ. ಬಕೆಟ್ ಅಕ್ಕಿಯೊಳಗೆ ಕೈ ಹಾಕಿ ನಿಧಾನ ಆಡಿಸಬಹುದು. ಬೆವರು ಬರಬಾರದು, ಮುಂಗೈ ಉರಿಯಬಾರದು.

ಮಾಡಬಾರದ್ದು ಒಂದಿದೆ. ಟಿವಿ ನೋಡುತ್ತಾ ಸುಮ್ನೆ ಕೈಯಲ್ಲಿ ಗ್ರಿಪ್ಪರ್ ಇಟ್ಟುಕೊಂಡು ಕಿಚ್ ಕಿಚ್ ಅನ್ನಿಸುವುದು. ಅದು ರಜೆಯೂ ಅಲ್ಲ, ಅಭ್ಯಾಸವೂ ಅಲ್ಲ. ಮನೆಯವರಿಗೆ ಕಿರಿಕಿರಿ ಬೇರೆ.

ಡೊಂಬಿವಲಿಯಿಂದ ಸಿಎಸ್‌ಟಿಗೆ ದಿನಾ ಹಿಡಿ ಹಿಡ್ಕೊಂಡು ನಿಂತೇ ಹೋಗ್ತೀನಿ. ಅದು ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ರಜೆಯನ್ನು ಜಿಮ್ಮಿನ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಬೇಡಿ, ಇಡೀ ದಿನ ಕೈ ಏನೇನು ಹಿಡಿಯಿತು ಅಂತ ನೋಡಿ ಹಾಕಿ.

ಟ್ರೇನಿನಲ್ಲಿ ನಿಮ್ಮ ಕೈಯನ್ನೇ ಗಮನಿಸಿ. ಗಾಡಿ ಸಲೀಸಾಗಿ ಓಡುವಾಗ ನಾಲ್ಕು ಬೆರಳು ಹಿಡಿಯೊಳಗೆ ಕೊಕ್ಕೆ ಹಾಕಿಕೊಂಡು ಸುಮ್ಮನೆ ಇರುತ್ತವೆ, ಹೆಬ್ಬೆರಳಿಗೆ ಕೆಲಸವೇ ಇಲ್ಲ. ಥಾಣೆ ಬಂತು, ಬ್ರೇಕ್ ಬಿತ್ತು, ಹಿಂದಿನಿಂದ ನೂಕಿದರು. ಆಗ ಹೆಬ್ಬೆರಳು ಸುತ್ತಿಕೊಂಡು ಮುಷ್ಟಿ ಬಿಗಿಯಾಗುತ್ತದೆ, ಉಗುರಿನ ತುದಿ ಬೆಳ್ಳಗಾಗುತ್ತದೆ. ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಹೋಗುವಾಗ ಒಂದು ಗಂಟೆಗೂ ಮೇಲೆ, ಬರುವಾಗ ಅಷ್ಟೇ. ಭಾರ ಕಡಿಮೆ, ಹೊತ್ತು ಜಾಸ್ತಿ. ಇದರಿಂದ ಬಲ ಬೆಳೆಯುವುದಿಲ್ಲ, ಸುಸ್ತು ಮಾತ್ರ ಉಳಿಯುತ್ತದೆ.

ಹಾಗಾಗಿ ಆಫೀಸಿನಿಂದ ಇಳಿದವರೇ ನೇರ ಡೆಡ್‌ಲಿಫ್ಟ್‌ಗೆ (ನೆಲದಿಂದ ಭಾರದ ಸರಳು ಎತ್ತುವುದಕ್ಕೆ) ಹೋಗಬೇಡಿ. ಆಗುವುದಾದರೆ ಬೆಳಗ್ಗೆ ಟ್ರೇನ್ ಹತ್ತುವ ಮೊದಲು ಮಾಡಿ, ಇಲ್ಲವೇ ಭಾರದ ಅಭ್ಯಾಸವನ್ನು ಭಾನುವಾರಕ್ಕೆ ಹಾಕಿಕೊಳ್ಳಿ. ಟ್ರೇನಿನಲ್ಲಿ ಕೈ ಬದಲಿಸುತ್ತಾ ಇರಿ. ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಬಾಗಿಲಲ್ಲಿ ನೇತಾಡುವುದು ವ್ಯಾಯಾಮ ಅಂತ ಹೇಳುವವರೂ ಸಿಕ್ಕಿದ್ದಾರೆ. ಅವರ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ.

ಹೋಟೆಲಲ್ಲಿ ದೋಸೆ ಕಲ್ಲಿನ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ತೇನೆ ಮಾರಾಯ್ರೆ. ನನಗೆ ಬೇರೆ ಅಭ್ಯಾಸ ಉಂಟಾ?

ಬೇಕಾದರೆ ಮಾಡಬಹುದು, ಆದರೆ ಸ್ವಲ್ಪವೇ. ಸಟ್ಟುಗ ಹಿಡಿದು ಕಲ್ಲು ಕೆರೆಯುವುದು, ಹಿಟ್ಟು ಹರಡುವುದು, ಪಾತ್ರೆ ಎತ್ತುವುದು, ಇವುಗಳಲ್ಲಿ ಮಣಿಕಟ್ಟು ಒಂದೇ ಕಡೆಗೆ ಸಾವಿರ ಸಲ ತಿರುಗುತ್ತದೆ. ನಿಮ್ಮ ಕೈಗೆ ದಮ್ಮು ಬೇಕಾದಷ್ಟು ಇದೆ. ಇಲ್ಲದಿರುವುದು ರಜೆ.

ವಾರದ ರಜೆ ದಿನ ಜಿಮ್ಮಿಗೆ ಹೋಗಬೇಕು ಅಂತ ಅನ್ನಿಸುತ್ತದೆ. ಬೇಡ. ಕೈಗೆ ಸಿಗುವ ಒಂದೇ ದಿನವನ್ನು ಕಿತ್ತುಕೊಳ್ಳಬೇಡಿ. ಗಿರಾಕಿ ಕಡಿಮೆ ಇರುವ ಎರಡು ದಿನ ಆರಿಸಿ, ಕೆಲಸಕ್ಕೆ ಮುಂಚೆ ಇಪ್ಪತ್ತು ನಿಮಿಷ ಮಾಡಿ: ಎರಡು ಕೈಯಲ್ಲಿ ಭಾರ ಹಿಡಿದು ನಡೆಯುವುದು ಮೂರು ಸುತ್ತು, ಜಿಮ್ಮಿನ ಭಾರದ ತಟ್ಟೆಯನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಚಿಮುಟಿ ಹಿಡಿಯುವುದು (ಪಿಂಚ್) ಮೂರು ಸುತ್ತು. ಮಣಿಕಟ್ಟು ತಿರುಗಿಸುವ ವ್ಯಾಯಾಮ ನಿಮಗೆ ಬೇಡವೇ ಬೇಡ. ಕಲ್ಲಿನ ಮುಂದೆ ಅದು ಆಗಿಯೇ ಆಗುತ್ತದೆ.

ಮನೆಗೆಲಸ ಎಲ್ಲಾ ನಾನೇ ಮಾಡೋದು. ಬಟ್ಟೆ ಹಿಂಡೋದು, ನೀರಿನ ಕ್ಯಾನ್ ಎತ್ತೋದು ಅಭ್ಯಾಸ ಅಲ್ವಾ?

ನೀರಿನ ಕ್ಯಾನ್ ಖಂಡಿತ ಅಭ್ಯಾಸವೇ. 20 ಲೀಟರ್ ಅಂದರೆ 20 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಡಬ್ಬಿಯೂ ಸೇರಿ ಹತ್ತಿರ ಹತ್ತಿರ 30. ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗಿನಲ್ಲಿ ಅದನ್ನು ಎಳೆದಾಡಿದ ದಿನ ಜಿಮ್ ಲೆಕ್ಕ ಮುಗಿಯಿತು ಅಂದುಕೊಳ್ಳಿ. ಚಾದರ, ಬೆಡ್‌ಶೀಟ್ ಹಿಂಡಿದ ದಿನ ಮಣಿಕಟ್ಟಿನ ವ್ಯಾಯಾಮ ಬಿಡಿ. ಒಗೆಯುವುದನ್ನು ಎರಡು ದಿನಕ್ಕೆ ಹಂಚಿಕೊಳ್ಳಲು ಆಗುವುದಾದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಬೇರೆಯವರಿಗೂ ಎರಡು ಕೈ ಇವೆ ಅನ್ನೋದನ್ನೂ ನೆನಪಿಸಬಹುದು.

## ಅಭ್ಯಾಸ ಹತ್ತಿದ ಮೇಲೆ

ಒಂದು ಸೆಟ್ ಆದ್ಮೇಲೆ ಇನ್ನೊಂದಕ್ಕೆ ಎಷ್ಟು ಹೊತ್ತು ಬಿಡ್ಬೇಕು?

ಸೆಟ್ ಅಂದರೆ ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು. ಪೂರ್ತಿ ಬಲ ಹಾಕುವ ಗ್ರಿಪ್ಪರ್ ಆದರೆ 3ರಿಂದ 5 ನಿಮಿಷ. ಜಿಮ್ಮಿನ ಬಾರಿಗೆ (ಕಬ್ಬಿಣದ ಸರಳಿಗೆ) ಜೋತು ಬೀಳುವುದು, ತಟ್ಟೆ ಚಿಮುಟುವುದು 2ರಿಂದ 3 ನಿಮಿಷ. ಹಗುರ ಕೆಲಸಕ್ಕೆ 1 ನಿಮಿಷ ಸಾಕು.

ಬೈಸೆಪ್ಸ್‌ಗೆ ಒಂದು ನಿಮಿಷ ಬಿಟ್ಟರೆ ನಡೆಯುತ್ತೆ, ಇದಕ್ಕೆ ಯಾಕೆ ಐದು ಅಂತ ಕೇಳುತ್ತಾರೆ. ಮುಷ್ಟಿ ಬಿಗಿ ಹಿಡಿದಾಗ ಮುಂಗೈ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಪೂರ್ತಿ ಬಲದ ಅರ್ಧಕ್ಕಿಂತ ಜಾಸ್ತಿ ಹಿಡಿದರೆ ರಕ್ತ ಹರಿಯುವುದು ತೀರಾ ಕಡಿಮೆಯಾಗುತ್ತದೆ. ಬಿಟ್ಟ ಮೇಲೆ ತಾನೇ ರಕ್ತ ನುಗ್ಗುವುದು, ತ್ರಾಣ ತುಂಬುವುದು. ಆ ಹೊತ್ತಲ್ಲಿ ಫೋನ್ ಹಿಡಿದು ಕೂರಬೇಡಿ. ಕೈ ಕೆಳಗೆ ಬಿಟ್ಟು ಹತ್ತು ಸೆಕೆಂಡ್ ಕೊಡವಿ, ಆಮೇಲೆ ತಲೆ ಮೇಲೆ ಎತ್ತಿ ಹತ್ತು ಸೆಕೆಂಡ್ ಆಡಿಸಿ. ಬಂಡೆ ಹತ್ತುವವರು ಇದನ್ನು ಬಂಡೆ ಮೇಲೆ ನಿಂತೇ ಮಾಡುತ್ತಾರೆ.

ಒಂದು ಪರೀಕ್ಷೆ. ಎರಡನೇ ಸೆಟ್ಟಿನಲ್ಲಿ ಮೊದಲಿನದಕ್ಕಿಂತ ಒಂದು ರೆಪ್, ಅಂದರೆ ಒಂದು ಸಲ, ಕಡಿಮೆಯಾದರೆ ಸರಿ. ಅರ್ಧಕ್ಕೆ ಇಳಿದರೆ ನೀವು ಅವಸರ ಮಾಡಿದ್ದೀರಿ.

ಗುರುವಾರ ನನ್ನ ಬ್ಯಾಕ್ ಡೇ. ಹಿಡಿತದ ಅಭ್ಯಾಸ ಯಾವತ್ತು ಹಾಕ್ಲಿ?

ಗುರುವಾರವೇ ಹಾಕಿ, ಬ್ಯಾಕ್ ಮುಗಿದ ಮೇಲೆ. ಶುಕ್ರವಾರ ಹಾಕಬೇಡಿ. ಡೆಡ್‌ಲಿಫ್ಟ್, ಪುಲ್ ಅಪ್, ರೋಯಿಂಗ್ ಎಲ್ಲವೂ ಕೈಯಿಂದಲೇ ಆಗುವುದು. ಜಿಮ್ಮಿನ ಬೋರ್ಡಿನಲ್ಲಿ ಬೆನ್ನು ಅಂತ ಬರೆದಿದ್ದರೂ ಕೈಗೆ ಅದು ಭಾರದ ದಿನವೇ. ಎರಡನ್ನೂ ಒಂದೇ ದಿನ ಹಾಕಿದರೆ ನಡುವೆ ನಿಜವಾದ ರಜೆ ಸಿಗುತ್ತದೆ.

ಹೆಚ್ಚಿನವರಿಗೆ ಹೊಂದುವ ಲೆಕ್ಕ ಹೀಗಿದೆ. ಸೋಮವಾರ ಹಿಡಿತದ ಮುಖ್ಯ ಅಭ್ಯಾಸ. ಮಂಗಳವಾರ, ಬುಧವಾರ ಕಾಲು, ಎದೆ, ಭುಜ. ಗುರುವಾರ ಬೆನ್ನು, ಕೊನೆಗೆ ಹಿಡಿತದ ಒಂದೆರಡು ಸೆಟ್. ಆಮೇಲೆ ಮೂರು ದಿನ ಕೈ ಬಿಡುವು. ಬ್ಯಾಕ್ ಡೇ ಜೋರಾಗಿದ್ದರೆ ಕೊನೆಯ ಸೆಟ್‌ಗಳಿಗೆ ಸ್ಟ್ರಾಪ್ (ಮಣಿಕಟ್ಟಿನಿಂದ ಬಾರಿಗೆ ಸುತ್ತುವ ಪಟ್ಟಿ) ಕಟ್ಟಿಕೊಳ್ಳಿ. ಸ್ಟ್ರಾಪ್ ಕಟ್ಟುವುದು ಹೇಡಿತನ ಅಂತ ಯಾರಾದರೂ ಅಂದರೆ ಅನ್ನಲಿ ಬಿಡಿ.

ಎಲ್ಲಾ ಥರದ ಹಿಡಿತಕ್ಕೂ ಒಂದೇ ರಜೆನಾ? ಇವತ್ತು ಗ್ರಿಪ್ಪರ್, ನಾಳೆ ಪಿಂಚ್ ಮಾಡಬಹುದಲ್ವಾ?

ಅರ್ಧ ಸರಿ. ಚಿಮುಟಿ ಹಿಡಿಯುವುದರಲ್ಲಿ ಹೆಬ್ಬೆರಳಿನ ಬುಡದ ಸ್ನಾಯು ಜಾಸ್ತಿ ದುಡಿಯುತ್ತದೆ, ಗ್ರಿಪ್ಪರ್‌ನಲ್ಲಿ ಅದು ಸೋಂಬೇರಿ. ಆದರೆ ಉಳಿದ ನಾಲ್ಕು ಬೆರಳಿನ ಸ್ನಾಯು ಎರಡಕ್ಕೂ ಒಂದೇ. ಹೆಸರು ಬದಲಾಯಿತು ಅಂತ ಮುಂಗೈಗೆ ರಜೆ ಸಿಗುವುದಿಲ್ಲ. ಮಣಿಕಟ್ಟು ಮೇಲೆತ್ತುವ ವ್ಯಾಯಾಮ, ಬೆರಳು ಅಗಲಿಸುವ ವ್ಯಾಯಾಮ ಮುಂಗೈಯ ಇನ್ನೊಂದು ಮಗ್ಗುಲಿನವು. ಅವನ್ನು ಮಾರನೇ ದಿನ ಮಾಡಬಹುದು.

ಎಲ್ಲಕ್ಕಿಂತ ಜಾಸ್ತಿ ರಜೆ ಕೇಳುವುದು ನೆಗೆಟಿವ್. ಅಂದರೆ ಎರಡು ಕೈ ಸೇರಿಸಿ ಗಟ್ಟಿ ಗ್ರಿಪ್ಪರನ್ನು ಮುಚ್ಚಿ, ಒಂದೇ ಕೈಯಲ್ಲಿ ತಡೆಹಿಡಿದು ನಿಧಾನ ಬಿಡುವುದು. ಇದಾದ ಮೇಲೆ ಮೂರು ನಾಲ್ಕು ದಿನ ಬೇರೆ ಭಾರ ಬೇಡ. ವಾರಕ್ಕೆ ಒಂದೇ ಸಲ ಸಾಕು.

ಪುಣೇದಾಗ ದಿನಾ ಬೈಕ್ ಹೊಡೀತೀನ್ರಿ. ಎಡಗೈ ಅಷ್ಟ ಯಾವಾಗ್ಲೂ ಸೋತಿರ್ತೈತಿ, ಯಾಕ?

ಕ್ಲಚ್. ಹಿಂಜೇವಾಡಿಯ ಸಂಜೆ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತುವುದು ಬಿಡುವುದು ಎಷ್ಟು ಸಲ ಆಗುತ್ತದೆ ಅಂತ ನೀವೇ ಯೋಚಿಸಿ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹಾಕಿ ಕೈ ಬಿಡಿ. ಕೇಬಲ್ ಒಣಗಿದ್ದರೆ ಎಣ್ಣೆ ಬಿಡಿಸಿ. ಭಾರದ ಅಭ್ಯಾಸ ಬೈಕ್ ಓಡಿಸಿದ ತಕ್ಷಣ ಬೇಡ.

ಗಣಪತಿ ಹಬ್ಬಕ್ಕ ಊರಿಗೆ ಹೋಗಿ ಎರಡ ವಾರ ಸೂಟಿ ತಗೊಂಡ್ರ ಬಂದದ್ದೆಲ್ಲಾ ಹೋಗತೈತೇನ್ರಿ?

ಇಲ್ರಿ. ಬಲ ಅಷ್ಟು ಬೇಗ ಹೋಗುವುದಿಲ್ಲ. ಎರಡು ಮೂರು ವಾರ ಬಿಟ್ಟರೂ ಬಹುಪಾಲು ಹಾಗೇ ಉಳಿದಿರುತ್ತದೆ. ದಮ್ಮು ಅದಕ್ಕಿಂತ ಬೇಗ ಇಳಿಯುತ್ತದೆ, ಬಂದ ಮೇಲೆ ಒಂದೆರಡು ವಾರದಲ್ಲಿ ವಾಪಸ್ ಬರುತ್ತದೆ. ಹಬ್ಬ ಮುಗಿಸಿ ಬಂದವರು ಬಿಟ್ಟಲ್ಲಿಂದ ಶುರು ಮಾಡಬೇಡಿ. ಮೊದಲ ವಾರ ಹಳೇ ಭಾರದ ಮುಕ್ಕಾಲು ಪಾಲು ಸಾಕು. ಅಂಗೈ ಚರ್ಮ ಮೆತ್ತಗಾಗಿರುತ್ತದೆ, ಅದಕ್ಕೂ ಸ್ವಲ್ಪ ದಿನ ಬೇಕು.

ಗೋವಾದ ಮಳೆಗಾಲದಲ್ಲಿ ಅಂಗೈ ಚರ್ಮವೇ ಕಿತ್ತು ಬರುತ್ತೆ. ಇದಕ್ಕೂ ರಜೆ ಬೇಕಾ?

ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯಲ್ಲಿ ಕೈ ಒಣಗುವುದೇ ಇಲ್ಲ. ನೆನೆದ ಜಡ್ಡು ಬಾರಿಗೆ ಸಿಕ್ಕಿಕೊಂಡು ಬುಡಸಮೇತ ಕಿತ್ತು ಬರುತ್ತದೆ. ಸ್ನಾನ ಆದ ಮೇಲೆ ಜಡ್ಡಿನ ಮೇಲೆ ಬೆರಳು ಆಡಿಸಿ ನೋಡಿ. ಅಂಚು ಕೈಗೆ ತಾಗುವ ಹಾಗಿದ್ದರೆ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮಟ್ಟ ಮಾಡಿ. ಪೂರ್ತಿ ತೆಗೆಯಬೇಡಿ. ಅಭ್ಯಾಸಕ್ಕೆ ಮುಂಚೆ ಚಾಕ್ ಪುಡಿ, ರಾತ್ರಿ ಮಲಗುವಾಗ ಒಂದು ಹನಿ ಕೊಬ್ಬರಿ ಎಣ್ಣೆ. ಕಿತ್ತೇ ಹೋಗಿದ್ದರೆ ತೊಳೆದು, ಮುಚ್ಚಿ, ಹೊಸ ಚರ್ಮ ಬರುವ ತನಕ ಜೋತು ಬೀಳುವುದು ಬಿಡಿ. ಆ ದಿನಗಳಲ್ಲಿ ಪಿಂಚ್ ಮಾಡಬಹುದು. ಅದರಲ್ಲಿ ಚರ್ಮ ಉಜ್ಜುವುದು ಕಡಿಮೆ.

## ನೋವು, ಕಾಯಿಲೆ, ಮಕ್ಕಳು

ಯಾವ ನೋವಿದ್ರೆ ಮುಂದುವರಿಸಬಹುದು, ಯಾವುದಕ್ಕೆ ನಿಲ್ಲಿಸಬೇಕು?

ಮುಂಗೈಯ ದಪ್ಪ ಭಾಗದಲ್ಲಿ, ಅಗಲಕ್ಕೆ ಹರಡಿದ ಮಂಕು ನೋವು, ಒತ್ತಿದರೆ ಹಿತ ಅನ್ನಿಸುವಂಥದ್ದು: ಇದು ಸ್ನಾಯುವಿನದು. ಒಂದರಿಂದ ಮೂರು ದಿನದೊಳಗೆ ಏರಿ ಇಳಿಯುತ್ತದೆ. ಇಳಿದ ಮೇಲೆ ಶುರು ಮಾಡಿ.

ಒಂದೇ ಬೆರಳ ತುದಿಯಿಂದ ಮುಟ್ಟಿ ತೋರಿಸಬಹುದಾದ ನೋವು ಬೇರೆ. ಬೆರಳಿನ ಬುಡದಲ್ಲಿ ಅಂಗೈ ಕಡೆ, ಮೊಣಕೈಯ ಒಳಮೂಳೆ ಅಥವಾ ಹೊರಮೂಳೆ ಮೇಲೆ, ಹೆಬ್ಬೆರಳ ಕಡೆಯ ಮಣಿಕಟ್ಟಿನಲ್ಲಿ ಇದ್ದರೆ ಅವತ್ತೇ ನಿಲ್ಲಿಸಿ. ಹಿಡಿದಾಗ ಬೆರಳಿನಲ್ಲಿ ಟಪ್ ಅಂತ ಸದ್ದಾಗಿ ಊದಿಕೊಂಡರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ರಾತ್ರಿ ಕೈ ಜೋಮು ಹಿಡಿಯುತ್ತೆ, ಬೆಳಗ್ಗೆ ಒಂದು ಬೆರಳು ಮಡಚಿದ್ದು ಬಿಡಿಸಕ್ಕೇ ಆಗಲ್ಲ. ಎರಡು ದಿನ ರಜೆ ಸಾಕಾ?

ಇವು ಎರಡು ಬೇರೆ ಬೇರೆ ತೊಂದರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನ ಸಂದಿಯಲ್ಲಿ ನರ ಅದುಮಿಕೊಂಡಿರಬಹುದು. ಕಿರುಬೆರಳ ಕಡೆ ಹಿಡಿದರೆ ಅದು ಇನ್ನೊಂದು ನರ, ಹೆಚ್ಚಾಗಿ ಮೊಣಕೈ ಹತ್ತಿರದ್ದು. ಮಡಚಿದ ಬೆರಳು ಸಿಕ್ಕಿಕೊಂಡು ಲಟಕ್ ಅಂತ ಬಿಡಿಸಿಕೊಂಡರೆ ಅದು ಟ್ರಿಗರ್ ಫಿಂಗರ್. ಬೆರಳ ಬುಡದ ಪಟ್ಟಿಯಲ್ಲಿ ಟೆಂಡನ್ ಸಲೀಸಾಗಿ ಓಡುತ್ತಿಲ್ಲ ಅಂತ ಅರ್ಥ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಎರಡಕ್ಕೂ ಗ್ರಿಪ್ಪರ್ ಪೂರ್ತಿ ಬಂದ್. ಎರಡು ದಿನ, ನಾಲ್ಕು ದಿನ ಅಂತ ಲೆಕ್ಕ ಹಾಕುತ್ತಾ ಕೂರದೆ ತೋರಿಸಿ.

ಮೊಣಕೈ ನೋವಿಗೆ ಒಂದು ತಿಂಗಳು ಪೂರ್ತಿ ರೆಸ್ಟ್ ಮಾಡಿದೆ. ಶುರು ಮಾಡಿದ ದಿನವೇ ಮತ್ತೆ ಬಂತು. ಯಾಕೆ ಹೀಗೆ?

ನೋವು ಹೋಗಿತ್ತು, ಟೆಂಡನ್ ಗಟ್ಟಿಯಾಗಿರಲಿಲ್ಲ. ಏನೂ ಮಾಡದೆ ಬಿಟ್ಟ ಟೆಂಡನ್ ಭಾರ ತಡೆಯುವ ಶಕ್ತಿಯನ್ನು ಇನ್ನಷ್ಟು ಕಳೆದುಕೊಳ್ಳುತ್ತದೆ. ಅದಕ್ಕೆ ಬೇಕಾಗಿರುವುದು ಕಡಿಮೆ ಭಾರ, ನಿಧಾನ ಭಾರ.

ಮೊದಲ ದಿನಗಳ ಉರಿ ಇಳಿದ ಮೇಲೆ ಹಗುರ ಡಂಬೆಲ್ ಹಿಡಿದು, ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ಅಲ್ಲಾಡಿಸದೆ ಅರ್ಧ ನಿಮಿಷ ತಡೆಯಿರಿ. ನಾಲ್ಕೈದು ಸಲ. ಅದು ಸಲೀಸಾದ ಮೇಲೆ ಕೆಳಗಿಳಿಸುವುದನ್ನು ಐದಾರು ಸೆಕೆಂಡ್ ಎಳೆದು ಮಾಡಿ. ನೋವಿಗೆ ಹತ್ತರಲ್ಲಿ ಎಷ್ಟು ಅಂತ ನೀವೇ ಅಂಕ ಕೊಡಿ. ಮೂರರೊಳಗಿದ್ದು ಮಾರನೇ ದಿನಕ್ಕೆ ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ. ಮಾರನೇ ದಿನ ಏರಿದ್ದರೆ ಭಾರ ಇಳಿಸಿ. ವಾರಗಟ್ಟಲೆ ಹಿಡಿಯುತ್ತದೆ, ಬೇಜಾರಿನ ಕೆಲಸ. ಆದರೂ ಸುಮ್ಮನೆ ಕೂತ ರೆಸ್ಟಿಗಿಂತ ಇದು ವಾಸಿ. ಫಿಸಿಯೋಥೆರಪಿಸ್ಟ್ ಒಬ್ಬರು ಕಣ್ಣಿಟ್ಟಿದ್ದರೆ ಇನ್ನೂ ಒಳ್ಳೆಯದು.

ಬಿಪಿ ಇದೆ. ಗ್ರಿಪ್ಪರ್ ಒತ್ತಬಹುದಾ?

ಉಸಿರು ಕಟ್ಟಿ ಪೂರ್ತಿ ಬಲ ಹಾಕುವುದು ಬೇಡ, ಆ ಕ್ಷಣ ಬಿಪಿ ಜೋರಾಗಿ ಏರುತ್ತದೆ. ತಮಾಷೆ ಅಂದರೆ ಬಿಪಿ ಇಳಿಸಲಿಕ್ಕೂ ಹಿಡಿತದ ಅಭ್ಯಾಸವನ್ನು ಬಳಸುತ್ತಾರೆ. ಪೂರ್ತಿ ಬಲದ 30 ಶೇಕಡಾದಷ್ಟು ಮಾತ್ರ ಹಿಡಿದು 2 ನಿಮಿಷ ತಡೆಯುವುದು, ಒಂದರಿಂದ ಮೂರು ನಿಮಿಷ ಬಿಡುವುದು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಕೆಲವು ವಾರಗಳಲ್ಲಿ ಸ್ವಲ್ಪ ಇಳಿಯುವುದನ್ನು ಕಂಡಿದ್ದಾರೆ. ಉಸಿರಾಟ ನಡೀತಾ ಇರಬೇಕು. ಮಾತ್ರೆ ಬಿಡಬೇಡಿ, ಶುರು ಮಾಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಜ್ವರಕ್ಕೆ ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಜ್ವರ ಬಿಟ್ಟಿದೆ, ಅಭ್ಯಾಸ ಮಾಡ್ಲಾ?

ಚೀಟಿ ನೋಡಿ. ಸಿಪ್ರೋಫ್ಲಾಕ್ಸಸಿನ್, ಲೆವೋಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಈ ಗುಂಪಿನದಾದರೆ ಭಾರದ ಕೆಲಸ ಬೇಡ. ಈ ಔಷಧಿಗಳಿಂದ ಟೆಂಡನ್ ಊದಿಕೊಳ್ಳುವ, ಹರಿಯುವ ಅಪಾಯ ಇದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2008ರಲ್ಲೇ ಇವುಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಹೆಚ್ಚಾಗಿ ಪೆಟ್ಟು ಬೀಳುವುದು ಹಿಮ್ಮಡಿಯ ಟೆಂಡನ್‌ಗೆ, ಭುಜ ಮತ್ತು ಕೈಗೂ ಬಂದದ್ದಿದೆ. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಜಾಸ್ತಿ. ಔಷಧಿ ಮುಗಿದು ಕೆಲವು ತಿಂಗಳ ಮೇಲೂ ತೊಂದರೆ ಕಾಣಿಸಬಹುದು. ಹಾಗಾಗಿ ಮುಗಿದ ಮೇಲೂ ಕೆಲವು ವಾರ ಹಗುರವಾಗಿಯೇ ಇರಿ. ಹೆದರಿ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಎಲ್ಲಾದರೂ ಟೆಂಡನ್ ನೋವು ಬಂದರೆ ಕೊಟ್ಟ ಡಾಕ್ಟರಿಗೆ ಅವತ್ತೇ ಹೇಳಿ.

ಮಗಳು ಶಿವಾಜಿ ಪಾರ್ಕಿನಲ್ಲಿ ಮಲ್ಲಕಂಬಕ್ಕೆ ಹೋಗ್ತಾಳೆ, ವಯಸ್ಸು 12. ಮನೇಲಿ ಗ್ರಿಪ್ಪರ್ ಕೂಡ ಕೊಡ್ಲಾ?

ಬೇಡ. ಹಗ್ಗದ ಮಲ್ಲಕಂಬದಲ್ಲಿ ಅಂಗೈ, ಬೆರಳು, ಕಾಲ್ಬೆರಳ ಸಂದಿ, ತೊಡೆ ಎಲ್ಲವೂ ಹಗ್ಗ ಹಿಡಿಯುತ್ತವೆ. ಅವಳಿಗೆ ಹಿಡಿತದ ಕೊರತೆ ಇಲ್ಲ. ಮಕ್ಕಳ ಬೆರಳ ಮೂಳೆಯಲ್ಲಿ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಬಂಡೆ ಹತ್ತುವ ಹದಿಹರೆಯದ ಮಕ್ಕಳಲ್ಲಿ ಬೆರಳಿನ ನಡುಗಂಟಿನ ಹತ್ತಿರ ಆ ಭಾಗವೇ ಬಿರುಕು ಬಿಡುವುದುಂಟು. ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ ಇರಲಿ. ನಡುಗಂಟು ಊದಿದ್ದರೆ ಅಥವಾ ಒತ್ತಿದರೆ ಕೈ ಎಳೆದುಕೊಂಡರೆ, ಉಳುಕು ಅಂತ ಎಣ್ಣೆ ತಿಕ್ಕದೆ ಎಕ್ಸ್‌ರೇ ತೆಗೆಸಿ.

## ಹಳಬರಿಗೆ

ರಜೆ ಸಾಕಾಯ್ತೋ ಇಲ್ವೋ ಅಂತ ಅಳೆಯೋದು ಹೇಗೆ?

ಕೈಯಲ್ಲಿ ಹಿಡಿದು ಒತ್ತುವ ಡೈನಮೋಮೀಟರ್ ಸಿಕ್ಕರೆ ಅದೇ ಸುಲಭ. ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ಥರ ಕೂತು ಅಥವಾ ನಿಂತು, ಮೂರು ಸಲ ಒತ್ತಿ ಜಾಸ್ತಿ ಬಂದದ್ದನ್ನು ಬರೆದಿಡಿ. ಕೈ ಚೆನ್ನಾಗಿರುವ ದಿನಗಳಲ್ಲಿ ಎಷ್ಟು ಬರುತ್ತದೆ ಅಂತ ಒಂದೆರಡು ವಾರದಲ್ಲಿ ಗೊತ್ತಾಗುತ್ತದೆ. ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ನಾನಾದರೆ ಅವತ್ತು ಭಾರ ಮುಟ್ಟುವುದಿಲ್ಲ.

ಯಂತ್ರ ಇಲ್ಲದವರಿಗೆ ಎದ್ದ ತಕ್ಷಣ ಮುಷ್ಟಿ ಕಟ್ಟಿ ನೋಡುವುದು ಇದೆ. ಬೆರಳ ತುದಿ ಅಂಗೈಗೆ ಪೂರ್ತಿ ತಾಗದೆ ಬಿಗಿಬಿಗಿ ಅನ್ನಿಸಿದರೆ ಟೆಂಡನ್ ಇನ್ನೂ ಸುಧಾರಿಸಿಲ್ಲ. ಬಕೆಟ್, ಬಾಟಲಿ ಮುಚ್ಚಳ ಎಂದಿಗಿಂತ ಜಾಸ್ತಿ ಕೈ ಜಾರಿದರೂ ಹಾಗೇ.

ಗ್ರಿಪ್ಪರ್ ನಂಬರ್ 1 ಮುಚ್ಚುತ್ತೆ, 2 ತಿಂಗಳುಗಟ್ಟಲೆ ಆದ್ರೂ ಮುಚ್ತಿಲ್ಲ. ಜಾಸ್ತಿ ಮಾಡ್ಲಾ, ಕಡಿಮೆ ಮಾಡ್ಲಾ?

ಕ್ಯಾಪ್ಟನ್ಸ್ ಆಫ್ ಕ್ರಶ್ ಗ್ರಿಪ್ಪರ್‌ಗಳಲ್ಲಿ ನಂಬರ್ 1ಕ್ಕೆ 140 ಪೌಂಡ್, 2ಕ್ಕೆ 195 ಅಂತ ಕಂಪನಿ ಹೇಳುತ್ತದೆ. ಕಿಲೋ ಲೆಕ್ಕದಲ್ಲಿ 63ರಿಂದ 88ಕ್ಕೆ ನೆಗೆತ. ನಡುವೆ 1.5 ಅನ್ನೋದು 167.5 ಪೌಂಡಿನದು ಇದೆ, ಮೊದಲು ಅದನ್ನು ಹಿಡಿಯಿರಿ.

ಇನ್ನು ರಜೆ. ಈ ಮಟ್ಟದಲ್ಲಿ ಸಿಕ್ಕಿಬಿದ್ದವರು ವಾರಕ್ಕೆ ನಾಲ್ಕೈದು ದಿನ 2ನ್ನು ಮುಚ್ಚಲು ಹೋಗಿ ಪ್ರತಿ ಸಲವೂ ಅದೇ ಅರ್ಧ ಸೆಂಟಿಮೀಟರ್ ಸಂದಿಯಲ್ಲಿ ನಿಲ್ಲುತ್ತಾರೆ. ಅದನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ, ಐದಾರು ಪ್ರಯತ್ನ, ನಡುವೆ ಐದು ನಿಮಿಷ. ಇನ್ನೊಂದು ದಿನ 1ರಲ್ಲಿ ಚೊಕ್ಕವಾಗಿ ರೆಪ್ ಮಾಡಿ, ಮುಚ್ಚಿದ ಮೇಲೆ ಹಿಡಿಗಳು ಒಂದಕ್ಕೊಂದು ತಾಗಿದಲ್ಲೇ ಎರಡು ಸೆಕೆಂಡ್ ತಡೆಯಿರಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಒಂದು ವಾರ ಸೆಟ್‌ಗಳನ್ನು ಅರ್ಧ ಮಾಡಿ. ಆ ಹಗುರ ವಾರವನ್ನು ದಾಟಿಸುವುದೇ ಹಳಬರಿಗೆ ಕಷ್ಟ.

ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಎಡಗೈಗೂ ರಜೆ ಕೊಡ್ಲಾ?

ಕೊಡಬೇಡಿ. ಒಂದು ಕೈಗೆ ಅಭ್ಯಾಸ ಮಾಡಿದರೆ ಇನ್ನೊಂದರ ಬಲವೂ ಸ್ವಲ್ಪ ಏರುತ್ತದೆ, ಕಟ್ಟಿಹಾಕಿದ ಕೈಯ ಬಲ ಕುಗ್ಗುವುದೂ ಕಡಿಮೆಯಾಗುತ್ತದೆ. ಇದು ಮಿದುಳು, ನರದ ಕಡೆಯಿಂದ ಆಗುವ ಕೆಲಸ. ಎಡಗೈಗೆ ಎಂದಿನ ಹಾಗೆ ವಾರಕ್ಕೆ ಎರಡು ಮೂರು ದಿನ ಮಾಡಿ. ಆದರೆ ಈಗ ಮನೆಯ ಎಲ್ಲಾ ಕೆಲಸ ಅದೊಂದರ ಮೇಲೇ ಬಿದ್ದಿರುತ್ತದೆ. ಸೆಟ್ ಕಡಿಮೆ ಇರಲಿ.

ಜೆಲಟಿನ್, ವಿಟಮಿನ್ ಸಿ ತಿಂದ್ರೆ ರಜೆ ಕಡಿಮೆ ಸಾಕಂತೆ, ನಿಜಾನಾ?

2017ರ ಒಂದು ಅಧ್ಯಯನದಲ್ಲಿ ವ್ಯಾಯಾಮಕ್ಕೆ ಒಂದು ಗಂಟೆ ಮೊದಲು 15 ಗ್ರಾಂ ಜೆಲಟಿನನ್ನು ವಿಟಮಿನ್ ಸಿ ಜೊತೆ ಕೊಟ್ಟಾಗ, ಟೆಂಡನ್ ಕಟ್ಟುವ ಕೊಲ್ಲಾಜೆನ್ ತಯಾರಾಗುವ ಗುರುತು ರಕ್ತದಲ್ಲಿ ಜಾಸ್ತಿ ಕಂಡಿತು. ಅದರಲ್ಲಿದ್ದವರು 8 ಜನ. ಅಷ್ಟರ ಮೇಲೆ ರಜೆ ಕತ್ತರಿಸಲು ನಾನು ಹೇಳುವುದಿಲ್ಲ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯದು ಅಂತ ಸಸ್ಯಾಹಾರಿಗಳಿಗೆ ಗೊತ್ತಿರಲಿ. ರಾತ್ರಿ ಪಾಳಿ ಮಾಡುವವರು ಮೊದಲು ನಿದ್ದೆ ಸರಿ ಮಾಡಿಕೊಳ್ಳಿ. ಅದಕ್ಕೆ ದುಡ್ಡೂ ಬೇಡ.

ಹಿಡಿತ ಗಟ್ಟಿ ಇದ್ರೆ ಆಯಸ್ಸು ಜಾಸ್ತಿ ಅಂತಾರೆ. ಅಪ್ಪನಿಗೆ 68, ಅವರಿಗೂ ಶುರು ಮಾಡಿಸ್ಲಾ?

ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರನ್ನು ನೋಡಿದ ಅಧ್ಯಯನ 2015ರಲ್ಲಿ ಬಂತು. ಹಿಡಿತದ ಬಲ ಪ್ರತಿ 5 ಕಿಲೋ ಕಡಿಮೆಯಾದ ಹಾಗೆ ಸಾವಿನ ಅಪಾಯ 16 ಶೇಕಡಾ ಜಾಸ್ತಿ ಕಂಡಿತು. ಆದರೆ ಹಿಡಿತ ಅಲ್ಲಿ ಇಡೀ ಮೈಯ ಸ್ಥಿತಿ ತೋರಿಸುವ ಗುರುತು. ಗ್ರಿಪ್ಪರ್ ಒಂದನ್ನೇ ಒತ್ತಿ ಆಯಸ್ಸು ಬೆಳೆಸಲು ಆಗುವುದಿಲ್ಲ. ಏಷ್ಯಾದವರಿಗೆ ಅಂತ 2019ರಲ್ಲಿ ಹಾಕಿದ ಅಳತೆಯಲ್ಲಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋಗಿಂತ ಕಡಿಮೆ ಬಂದರೆ ಸ್ನಾಯು ಸೊರಗುತ್ತಿರಬಹುದು ಅಂತ ನೋಡುತ್ತಾರೆ.

ಅಪ್ಪನಿಗೆ ಕುರ್ಚಿಯಿಂದ ಎದ್ದು ಕೂರುವುದು, ಎರಡು ಕೈಯಲ್ಲಿ ಹಗುರ ಚೀಲ ಹಿಡಿದು ನಡೆಯುವುದು, ಮೆತ್ತನೆ ಚೆಂಡು ಹಿಸುಕುವುದು ಮಾಡಿಸಿ. ವಾರಕ್ಕೆ ಎರಡು ದಿನ, ನಡುವೆ ಎರಡು ಮೂರು ದಿನ ಬಿಡುವು.

ಸಂಘದ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟ ಇದೆ. ಎಷ್ಟು ದಿನ ಮೊದಲು ಅಭ್ಯಾಸ ನಿಲ್ಲಿಸ್ಬೇಕು?

ಭಾನುವಾರ ಪಂದ್ಯ ಅಂದರೆ ಹಿಂದಿನ ಸೋಮವಾರ ಅಥವಾ ಮಂಗಳವಾರ ಕೊನೆಯ ಭಾರದ ಅಭ್ಯಾಸ. ಗುರುವಾರ ಎರಡು ಮೂರು ಹಗುರ ಸೆಟ್, ಕೈಗೆ ನೆನಪಿರಲಿ ಅಂತ. ಶುಕ್ರವಾರ, ಶನಿವಾರ ಏನೂ ಬೇಡ. ಕುರ್ಚಿ ಜೋಡಿಸುವುದು, ಪೆಂಡಾಲಿನ ಹಗ್ಗ ಕಟ್ಟುವುದು ತಂಡದವರ ಕೈಗೆ ಬರದ ಹಾಗೆ ನೋಡಿಕೊಳ್ಳಿ. ಹಿಂದಿನ ರಾತ್ರಿ ಅಂಗೈಗೆ ಎಣ್ಣೆ ಹಚ್ಚಬೇಡಿ, ಹಗ್ಗ ಜಾರುತ್ತದೆ.

ಪಂದ್ಯದಲ್ಲಿ ಹಗ್ಗವನ್ನು ಮಣಿಕಟ್ಟಿಗೆ ಅಥವಾ ಬೆರಳಿಗೆ ಸುತ್ತಿಕೊಳ್ಳಲೇಬೇಡಿ. ಎದುರಿನವರು ಎಳೆದಾಗ ಬೆರಳು ಹೋಗುತ್ತದೆ. ಒಂದು ಎಳೆತ ಆದ ಮೇಲೆ ಮುಂದಿನದಕ್ಕೆ ಐದು ನಿಮಿಷ ಸಿಗುವ ಹಾಗೆ ರೆಫರಿ ಹತ್ತಿರ ಮೊದಲೇ ಮಾತಾಡಿ. ಫೈನಲ್‌ವರೆಗೆ ಹೋದವರು ಮೂರು ನಾಲ್ಕು ದಿನ ಕೈಗೆ ರಜೆ ಕೊಡಿ. ಮೊದಲ ಸುತ್ತಿಗೇ ಸೋತವರು ಮಂಗಳವಾರ ಜಿಮ್ಮಿಗೆ ಬರಬಹುದು.